ಬಾಗಿಲು ಮಾಡಿಸುವ ಮೊದಲು

ಜೂನ್ ತಿಂಗಳು. ಪಂದಲೂರಿನಲ್ಲಿ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ. ನಮ್ಮ ರಾತ್ರಿ ತರಗತಿಗೆ ಬರುವ ಒಬ್ಬ ಅಕ್ಕನ ಮನೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಅದು ಹೊಸ ಬಾಗಿಲು. ಮಾಡಿಸಿ ಮೂರೇ ತಿಂಗಳಾಗಿತ್ತು. ಚೌಕಟ್ಟಿಗೆ ತಗುಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಚಿಲಕ ತೂತಿಗೆ ಸೇರುತ್ತಿರಲಿಲ್ಲ. ರಾತ್ರಿ ಬಾಗಿಲಿಗೆ ರುಬ್ಬುಗುಂಡು ಅಡ್ಡ ಇಟ್ಟು ಮಲಗುತ್ತಿದ್ದರು. (ಕಾಡಾನೆ ಮನಸ್ಸು ಮಾಡಿದರೆ ಎಂಥ ಬಾಗಿಲೂ ತಡೆಯದು. ಅದು ಬೇರೆ ಮಾತು.)

ಬಾಗಿಲು ಮಾಡಿದವರನ್ನು ಕೇಳಿದರೆ, "ಮರ ಅಂದ್ರೆ ಹಾಗೇ ಅಕ್ಕಾ, ನಾನೇನು ಮಾಡ್ಲಿ?" ಅಂದರಂತೆ. ಅದು ಯಾವ ಮರ ಅಂತ ಅಕ್ಕನಿಗೆ ಗೊತ್ತಿರಲಿಲ್ಲ. ಎಷ್ಟು ಮರ ಹಿಡಿಯಿತು ಅಂತಲೂ ಗೊತ್ತಿರಲಿಲ್ಲ. ಕೊಟ್ಟ ಹಣಕ್ಕೆ ಚೀಟಿ ಇರಲಿಲ್ಲ.

ಮರದ ಕೆಲಸ ಮಾಡುವವರನ್ನು ನಾವು ಬಡಗಿ ಅನ್ನುತ್ತೇವೆ. ನಮ್ಮ ಕಡೆ ಮಲಯಾಳ ಮಾತಾಡುವವರೂ ಇದ್ದಾರೆ, ತಮಿಳು ಮಾತಾಡುವವರೂ ಇದ್ದಾರೆ. ಅದಕ್ಕೆ ಆಶಾರಿ ಅಂದರೂ ಎಲ್ಲರಿಗೂ ತಿಳಿಯುತ್ತದೆ. ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡುವುದು ಇವರ ಕೆಲಸ. ಹೆಂಚಿನ ಮನೆಯ ತೊಲೆ, ರೀಪು ಕೂರಿಸುವುದೂ ಇವರದೇ. ಗೋಡೆ ಒಡೆದು ಚೌಕಟ್ಟು ನಿಲ್ಲಿಸಲು ಗಾರೆಯವರೂ ಜೊತೆಗೆ ಬೇಕು.

ಬಡಗಿಯ ಚೀಲದಲ್ಲಿ ಏನಿದೆ ನೋಡಿ. ಗರಗಸ ಕೊಯ್ಯಲು. ಉಳಿ ಕೆತ್ತಲು. ಕೀಸುಳಿ ಹೆರೆದು ನಯ ಮಾಡಲು. ಬೈರಿಗೆ ತೂತು ಕೊರೆಯಲು. ಈಗ ಬಹಳ ಜನ ಕರೆಂಟಿನ ಮಷಿನ್ ತರುತ್ತಾರೆ. ಆದರೂ ಮೂಲೆ ನೇರ ಇದೆಯಾ ಅಂತ ನೋಡುವ ಮೂಲೆಮಟ್ಟ ಇಲ್ಲದೆ ಯಾರೂ ಬರುವುದಿಲ್ಲ. ಒಳ್ಳೆ ಕೆಲಸಗಾರರು ಚೌಕಟ್ಟಿಗೆ ಬರೀ ಮೊಳೆ ಹೊಡೆಯುವುದಿಲ್ಲ. ಒಂದು ಮರದಲ್ಲಿ ತೂತು ಕೊರೆಯುತ್ತಾರೆ. ಇನ್ನೊಂದರ ತುದಿಯನ್ನು ಕೆತ್ತಿ ಅದರೊಳಗೆ ಬಿಗಿಯಾಗಿ ಕೂರಿಸುತ್ತಾರೆ. ಮೊಳೆ ತುಕ್ಕು ಹಿಡಿದರೂ ಆ ಜೋಡಣೆ ಬಿಡುವುದಿಲ್ಲ. ಯಾರನ್ನಾದರೂ ಕೆಲಸಕ್ಕೆ ಕರೆಯುವ ಮೊದಲು ಅವರು ಮಾಡಿದ ಹಳೇ ಬಾಗಿಲೊಂದನ್ನು ಹೋಗಿ ನೋಡಿ. ಎರಡು ಮಳೆಗಾಲ ಕಂಡ ಬಾಗಿಲಾದರೆ ಇನ್ನೂ ಒಳ್ಳೆಯದು.

ಈಗ ಅಕ್ಕನ ಬಾಗಿಲಿಗೆ ಬರೋಣ. ಅದು ಯಾಕೆ ಉಬ್ಬಿತು?

ಮರ ಕಡಿದ ಮೇಲೂ ನೀರು ಕುಡಿಯುತ್ತದೆ. ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು. ಆಗ ಹಲಗೆ ಅಗಲಕ್ಕೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಹಸಿ ಮರದಲ್ಲಿ ಬಾಗಿಲು ಮಾಡಿದರೆ ಈ ಆಟ ಜಾಸ್ತಿ. ಅದು ಸೊಟ್ಟ ಆಗುತ್ತದೆ, ಸೀಳುತ್ತದೆ. ಹಾಗಾಗಿ ಕೊಯ್ದ ಮರವನ್ನು ನೆರಳಲ್ಲಿ ಪೇರಿಸಿ, ನಡುವೆ ರೀಪು ಇಟ್ಟು, ಗಾಳಿಗೆ ತಿಂಗಳುಗಟ್ಟಲೆ ಒಣಗಿಸಬೇಕು. ನಮ್ಮೂರಿನಲ್ಲಿ ಬಾಗಿಲು ಮಾಡಿಸಲು ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತೇವೆ. ಬಾಗಿಲಿನ ಮುಂದೆ, ಹಿಂದೆ ಬಣ್ಣ ಹೊಡೆಯುತ್ತೇವೆ. ಕೆಳಗಿನ ಅಂಚಿಗೆ ಹೊಡೆಯುವುದಿಲ್ಲ. ಅದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ನೀರು ಅಲ್ಲಿಂದಲೇ ಏರುತ್ತದೆ. ಬಾಗಿಲು ಕೂರಿಸುವ ಮೊದಲೇ ಕೆಳಗಿನ, ಮೇಲಿನ ಅಂಚಿಗೆ ಬಣ್ಣ ಹಚ್ಚಿಸಿ. ಸುತ್ತ ಒಂದು ನೂಲು ಸಂದು ಬಿಡಿಸಿ. ಎಂಟು ನೂಲು ಸೇರಿದರೆ ಒಂದು ಇಂಚು.

ಉಬ್ಬಿದ ಬಾಗಿಲನ್ನು ಮಳೆಗಾಲದಲ್ಲೇ ಜೋರಾಗಿ ಹೆರೆಸಬೇಡಿ. ಬೇಸಿಗೆಯಲ್ಲಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬೀಳುತ್ತದೆ. ತಗಲುವ ಜಾಗದಲ್ಲಿ ಮಾತ್ರ ಸ್ವಲ್ಪ ಹೆರೆದು ತಾಳಿಕೊಳ್ಳಿ.

ಮರ ಯಾವುದು? ತೇಗ ಬಹಳ ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಹಲಸು ನಮ್ಮ ಕಡೆಯ ಮನೆಗಳಿಗೆ ಒಳ್ಳೆ ಮರ. ಹಳದಿ ಬಣ್ಣ, ಕಾಲ ಕಳೆದಂತೆ ಕಂದಾಗುತ್ತದೆ. ಟೀ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗ. ಒಳಗಿನ ಕಪಾಟಿಗೆ ಆದೀತು, ಮಳೆ ಬೀಳುವ ಹೊರಬಾಗಿಲಿಗೆ ಬೇಡ. ಯಾವ ಮರವಾದರೂ ನಡುವಿನ ಚೇಗು ಗಟ್ಟಿ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ.

"ನಮ್ಮ ಹಿತ್ತಲಲ್ಲೇ ಮರ ಇದೆ, ಕಡಿಸಿಬಿಡೋಣ" ಅನ್ನುವವರು ಸ್ವಲ್ಪ ನಿಲ್ಲಿ. ಬೆಟ್ಟ ಪ್ರದೇಶದ ಮರ ಕಾಪಾಡಲು 1955ರಲ್ಲೇ ಕಾಯಿದೆ ಬಂದಿದೆ. ನೀಲಗಿರಿಗೂ ಅದು ಸೇರಿದೆ. ಅರಣ್ಯ ಕಚೇರಿಯಲ್ಲಿ ಕೇಳದೆ ಕೊಡಲಿ ಎತ್ತಬೇಡಿ. ಮರದ ಮಿಲ್ಲಿನಲ್ಲಿ ಕೊಂಡರೆ ಬಿಲ್ ತೆಗೆದುಕೊಳ್ಳಿ.

ಆ ಬಿಲ್ ಓದುವುದು ಹೇಗೆ? ಮರವನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ದಪ್ಪ ಇದ್ದರೆ ಒಂದು ಘನ ಅಡಿ. ಉದ್ದವನ್ನು ಅಡಿಯಲ್ಲಿ ಬರೆಯಿರಿ. ಅಗಲ, ದಪ್ಪವನ್ನು ಇಂಚಿನಲ್ಲಿ ಬರೆಯಿರಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಒಂದು ಅಡಿಗೆ 12 ಇಂಚು. 12ನ್ನು 12ರಿಂದ ಗುಣಿಸಿದರೆ 144. ಅದಕ್ಕೇ ಈ ಲೆಕ್ಕ.

ಹೊಸ್ತಿಲಿಲ್ಲದ ಒಳಬಾಗಿಲಿನ ಚೌಕಟ್ಟು ಅಂದುಕೊಳ್ಳಿ. ಎರಡು ಕಡೆಯ ಕಂಬ 7 ಅಡಿ, 7 ಅಡಿ. ಮೇಲಿನದು 4 ಅಡಿ. ಒಟ್ಟು 18 ಅಡಿ. ಅಗಲ 4 ಇಂಚು, ದಪ್ಪ 3 ಇಂಚು. 18 × 4 × 3 = 216. ಅದನ್ನು 144ರಿಂದ ಭಾಗಿಸಿದರೆ ಒಂದೂವರೆ ಘನ ಅಡಿ. ಬಡಗಿ "ಎರಡು ಬೇಕು" ಅಂದರೆ ಕೂಡಲೇ ಮೋಸ ಅನ್ನಬೇಡಿ. ಕೊಯ್ಯುವಾಗ, ಹೆರೆಯುವಾಗ ಮರ ಸವೆಯುತ್ತದೆ. ಎಷ್ಟು ಸವೆಯುತ್ತದೆ ಅಂತ ಕೇಳಿ. ಸರಿಯಾದ ಕೆಲಸಗಾರರು ಬಿಡಿಸಿ ಹೇಳುತ್ತಾರೆ. ಉಳಿದ ತುಂಡು ನಿಮ್ಮದೇ, ಕೇಳಿ ಇಟ್ಟುಕೊಳ್ಳಿ.

ಕೂಲಿ ಎರಡು ಬಗೆ. ಸಣ್ಣ ರಿಪೇರಿಗೆ ದಿನಗೂಲಿ ಸಾಕು. ಹೊಸ ಬಾಗಿಲಿಗೆ ಇಡೀ ಕೆಲಸಕ್ಕೆ ಇಷ್ಟು ಅಂತ ಮಾತಾಡುವುದು ವಾಸಿ. ಮರದ ಹಣವನ್ನು ಮಿಲ್ಲಿನಲ್ಲಿ ನೀವೇ ಕಟ್ಟಿ. ಕೂಲಿಯನ್ನು ಮೂರು ಸಲ ಕೊಡಿ. 6,000 ರೂಪಾಯಿ ಅಂತ ಒಪ್ಪಿದ್ದರೆ ಮೊದಲು 2,000, ಚೌಕಟ್ಟು ನಿಂತಾಗ 2,000, ಬಾಗಿಲು ಮುಚ್ಚಿ ತೆರೆದು ನೋಡಿದ ಮೇಲೆ 2,000. ಕೊನೆಯ ಕಂತನ್ನು ಸುಮ್ಮನೆ ಎಳೆದಾಡಿಸಬೇಡಿ. ಅವರ ಮನೆಯಲ್ಲೂ ಒಲೆ ಉರಿಯಬೇಕು.

ಅಕ್ಕ ಆ ಮಳೆಗಾಲ ಕಳೆಯುವ ತನಕ ಕಾದರು. ಡಿಸೆಂಬರಿನಲ್ಲಿ ಬಾಗಿಲು ತಾನಾಗಿಯೇ ಮುಚ್ಚಿತು. ಆಗ ಅದನ್ನು ಬಿಚ್ಚಿಸಿ ಕೆಳಗಿನ ಅಂಚಿಗೆ ಬಣ್ಣ ಹಚ್ಚಿಸಿದರು. ಮುಂದೆ ಅಡುಗೆಮನೆಗೂ ಬಾಗಿಲು ಬೇಕಾಯಿತು. ಈ ಸಲ ಬೇರೆ ಆಶಾರಿ ಬಂದರು. ಅಕ್ಕ ನೋಟ್‌ಬುಕ್ಕಿನ ಹಾಳೆ ಹರಿದು ತಾವೇ ಬರೆದರು:

"ಅಡುಗೆಮನೆ ಬಾಗಿಲು ಒಂದು. ಹಲಸಿನ ಮರ, ಒಣಗಿದ್ದು. ಚೌಕಟ್ಟು 4 ಇಂಚು, 3 ಇಂಚು. ಮರದ ಹಣ ನಮ್ಮದು. ಕೂಲಿ ಮೂರು ಕಂತು. ಮಾರ್ಚ್ 20ಕ್ಕೆ ಮುಗಿಯಬೇಕು. ಅಂಚಿಗೆ ಬಣ್ಣ."

ಆಶಾರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅಕ್ಕ ಗಟ್ಟಿಯಾಗಿ ಓದಿ ಹೇಳಿದರು. ಪಕ್ಕದ ಮನೆ ಹುಡುಗ ಅದನ್ನೇ ಕೆಳಗೆ ತಮಿಳಿನಲ್ಲಿ ಬರೆದ.

"ಬಣ್ಣ ಹೊಡೆಯೋದೂ ನನ್ನ ಕೆಲಸಾನಾ ಅಕ್ಕಾ?" ಅಂತ ಆಶಾರಿ ಕೇಳಿದರು.

ಅಕ್ಕ ಯೋಚಿಸಿದರು. ಆ ಸಾಲು ಹೊಡೆದು, "ಬಣ್ಣ ನಮ್ಮದು. ಬಾಗಿಲು ಕೂರಿಸುವ ಮೊದಲು ಒಂದು ದಿನ ಬಿಡಬೇಕು" ಅಂತ ಬರೆದರು. ಇಬ್ಬರೂ ಸಹಿ ಹಾಕಿದರು.