ನಾವೇ ನಕ್ಕರೆ ನೋವಿಲ್ಲ

ಕಾರ್ಯಕ್ರಮದಲ್ಲಿ ‘ಕೆನಡಾತನ’ ಇನ್ನಷ್ಟು ಬೇಕೆಂದು 1980ರಲ್ಲಿ ಅಲ್ಲಿನ ಟಿ.ವಿ.ಯವರು ಪಟ್ಟು ಹಿಡಿದರು. ಸರಿ, ರಿಕ್ ಮೊರಾನಿಸ್, ಡೇವ್ ಥಾಮಸ್ ಎಂಬ ನಟರು ಉಣ್ಣೆ ಟೋಪಿ ಧರಿಸಿ, ಬಿಯರ್ ಹಿಡಿದು, ಮಾತುಮಾತಿಗೂ ‘ಏ’ ಎನ್ನುವ ಪೆದ್ದ ಅಣ್ಣತಮ್ಮಂದಿರಾದರು! ಕೆನಡಾದವರು ಬಿದ್ದು ಬಿದ್ದು ನಕ್ಕರು. 1983ರಲ್ಲಿ ಈ ಜೋಡಿ ‘ಸ್ಟ್ರೇಂಜ್ ಬ್ರೂ’ ಚಿತ್ರ ನಿರ್ದೇಶಿಸಿ ನಟಿಸಿತು. ‘ಹ್ಯಾಮ್ಲೆಟ್’ ನಾಟಕದ ಎಳೆ ಹಿಡಿದ ಶುದ್ಧ ತರಲೆ ಅದು.

ಮಾತಿಗೆ ನಗುವವರು ನಮ್ಮಲ್ಲೂ ಇದ್ದಾರೆ. ಆಂಧ್ರದ ಗಡಿಗಂಟಿದ ಚಳ್ಳಕೆರೆ, ಮೊಳಕಾಲ್ಮೂರಿನ ಕನ್ನಡಕ್ಕೆ ತೆಲುಗಿನ ಒಗ್ಗರಣೆಯಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ಯಾರಾದರೂ ನಕ್ಕಾರೆಂದು ಅಲ್ಲಿನ ಮಕ್ಕಳು ಬಾಯಿ ಬಿಡಲೂ ಅಂಜುತ್ತಾರೆ. ಅಂಜಿಕೆ ಏಕೆ? ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರೇ. ಪಾಲಕರೇ, ಮಗುವಿನ ಮಾತು ತಿದ್ದುವ ಮೊದಲು ಅದರೊಡನೆ ಕೂತು ನಕ್ಕುಬಿಡಿ. ತನ್ನ ಮಾತಿಗೆ ತಾನೇ ನಗಬಲ್ಲವನನ್ನು ಯಾರು ಅಣಕಿಸಿಯಾರು?