ಕಾಳಿಯ ಜತೆ ಕಾರವಾರದ ಕೊಲ್ಲಿಗೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರಿಗೆ ಕಾರವಾರ ಹೊಸ ಊರೇನಲ್ಲ. ಜಿಲ್ಲಾ ಕೇಂದ್ರವಾದ್ದರಿಂದ ಕಾಗದಪತ್ರದ ಕೆಲಸಕ್ಕೆ ಹೋಗಿ ಬರುವುದು ಇದ್ದೇ ಇದೆ. ಆದರೆ ಕಚೇರಿಯ ಮೆಟ್ಟಿಲಿಳಿದು ನೇರವಾಗಿ ಬಸ್ ನಿಲ್ದಾಣದ ಹಾದಿ ಹಿಡಿಯುವವರೇ ಹೆಚ್ಚು. ಹತ್ತಿರದಲ್ಲೇ ಇರುವ ಚೆಲುವಾದ ಕೊಲ್ಲಿಯನ್ನು ನಿಂತು ನೋಡಿದವರು ಕಡಿಮೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ‘ಒಂದು ದಿನ ಒಬ್ಬರೇ ಹೋಗಿ ಸಮುದ್ರ ನೋಡಿ ಬರುತ್ತೇನೆ’ ಎಂದರಂತೂ ಮನೆಯವರ ಎದೆ ಡವಗುಟ್ಟುತ್ತದೆ. ಆ ಅಂಜಿಕೆ ಸುಳ್ಳಲ್ಲ. ಆದರೆ ನೀರಿನ ಸ್ವಭಾವ ತಿಳಿದು ಹೊರಟವರಿಗೆ ಈ ಒಂದು ದಿನ ಹಲವು ಪಾಠಗಳಿಗೆ ಸಮ.

1883ರಲ್ಲಿ 22ರ ಹರೆಯದ ರವೀಂದ್ರನಾಥ ಟಾಗೋರರು ಇಲ್ಲಿ ತಂಗಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಟಾಗೋರರು ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಸಾಗಿ, ರಾತ್ರಿ ಮರಳಿ ಬಂದು, ಅಳಿವೆಯಿಂದ ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿಯ ಪ್ರತಿಶೋಧ’ ನಾಟಕ ಹುಟ್ಟಿದ್ದೂ ಇಲ್ಲಿಯೇ. ಇಂದು ಕಡಲತೀರಕ್ಕೆ ಅವರದೇ ಹೆಸರು.

ನದಿಯೇ ದಾರಿ

ಮುಂಡಗೋಡದವರು ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಹೋಗಬಹುದು. ಹಳಿಯಾಳ, ದಾಂಡೇಲಿಯವರಿಗೆ ಗಣೇಶಗುಡಿ, ಜೋಯಿಡಾ, ಅಣಶಿ, ಕದ್ರಾ ದಾರಿಯೇ ಸೊಗಸು. ದಾಂಡೇಲಿಯಿಂದ 100 ಕಿ.ಮೀ.ಗೆ ತುಸು ಹೆಚ್ಚು. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ; ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಇದೆ. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಈ ಎತ್ತರವೇ ಶಕ್ತಿ! ಇಳಿಯುವ ನೀರನ್ನು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಒಂದಾದ ಮೇಲೊಂದರಂತೆ ಬಳಸಿ ವಿದ್ಯುತ್ ಪಡೆಯುತ್ತಾರೆ.

ಅಣಶಿ ಘಟ್ಟ ಇಳಿಯುತ್ತಿದ್ದಂತೆ ಸ್ವೆಟರ್ ತೆಗೆಯಬೇಕೆನಿಸುತ್ತದೆ. ಸಾಮಾನ್ಯವಾಗಿ 1000 ಮೀಟರ್ ಇಳಿದರೆ ಉಷ್ಣತೆ ಆರು ಡಿಗ್ರಿಯಷ್ಟು ಏರುತ್ತದೆ. ಗಾಳಿಯಲ್ಲಿ ತೇವವೂ ಹೆಚ್ಚುವುದರಿಂದ ಬೆವರು ಬೇಗ ಆರುವುದಿಲ್ಲ.

ಅರ್ಧಚಂದ್ರ ಹೇಗಾಯಿತು?

ಕಾರವಾರದ ತೀರ ಅರ್ಧಚಂದ್ರದಂತೆ ಬಾಗಿದೆ. ದಕ್ಷಿಣಕ್ಕೆ ಬೈತಖೋಲ ಬಂದರಿಗೆ ಆಸರೆಯಾದ ಗುಡ್ಡ, ಉತ್ತರಕ್ಕೆ ಕಾಳಿಯ ಅಳಿವೆ ಮತ್ತು ಸದಾಶಿವಗಡ, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ದೇವಗಡದ ದೀಪಸ್ತಂಭ 1864ರಷ್ಟು ಹಳೆಯದು.

ಅಲೆ ಆಳ ಕಡಿಮೆಯಿರುವಲ್ಲಿ ನಿಧಾನವಾಗುತ್ತದೆ. ಕವಾಯತಿನಲ್ಲಿ ಸಾಲಿನ ಒಂದು ತುದಿಯವರು ಹೆಜ್ಜೆ ತಗ್ಗಿಸಿದರೆ ಇಡೀ ಸಾಲು ಆ ಕಡೆಗೆ ತಿರುಗುವುದಿಲ್ಲವೇ? ಹಾಗೆಯೇ ಅಲೆಯ ಸಾಲೂ ಬಾಗುತ್ತದೆ. ಮುಂಚಾಚಿದ ಗುಡ್ಡಕ್ಕೆ ಅಲೆಗಳ ಹೊಡೆತ ಹೆಚ್ಚು. ಒಳಬಾಗಿದ ಕೊಲ್ಲಿಯಲ್ಲಿ ಅದೇ ಬಲ ಹರಡಿ ಸೊರಗುತ್ತದೆ. ಅಲ್ಲಿ ಮರಳು ತಂಗುತ್ತದೆ. ಕಡಲತೀರ ರೂಪುಗೊಳ್ಳುವುದು ಹೀಗೆ.

ಅಳಿವೆಯ ಬಳಿ ಇನ್ನೊಂದು ನೋಟವಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಉಬ್ಬರದ ವೇಳೆ ಈ ಭಾರದ ನೀರು ನದಿಯ ಸಿಹಿನೀರಿನ ಅಡಿಯಲ್ಲಿ ನುಗ್ಗುತ್ತದೆ. ಉಪ್ಪು–ಸಿಹಿ ಬೆರೆತ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಜಾತಿಯವು ಉಸಿರಾಟಕ್ಕೆಂದೇ ಬೇರನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತವೆ.

ಚೆಲುವಿನೊಳಗಿನ ಅಪಾಯ

2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಕಡಲಿನ ಒಡನಾಟವಿಲ್ಲದ ಹಾವೇರಿ ಜಿಲ್ಲೆಯವರೂ ಇದ್ದರು. ಜನ ಕಿಕ್ಕಿರಿದ ದೋಣಿಗೆ ‘ಬೇಡ’ ಎನ್ನುವ ಧೈರ್ಯವೂ, ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳುವ ಶಿಸ್ತೂ ಪ್ರವಾಸಿಗೆ ಬೇಕು.

ದಡದಲ್ಲೂ ಎಚ್ಚರ ಅಗತ್ಯ. ಅಲೆಗಳು ಒಡೆಯುವ ಸಾಲಿನ ನಡುವೆ ಎಲ್ಲೋ ಒಂದು ಕಡೆ ನೀರು ಶಾಂತವಾಗಿ ಕಾಣಬಹುದು. ಹೊಸಬರು ಅಲ್ಲಿಗೇ ಇಳಿಯುತ್ತಾರೆ! ದಡಕ್ಕೆ ಬಂದ ನೀರು ರಭಸದಿಂದ ಹಿಂದಿರುಗುವ ಸೆಳೆತ ಇರುವುದು ಹೆಚ್ಚಾಗಿ ಅಂಥ ಕಡೆಯೇ. ಸಿಕ್ಕಿಬಿದ್ದರೆ ನೇರವಾಗಿ ದಡದತ್ತ ಈಜಿ ಸೋಲಬಾರದು. ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಒಬ್ಬರೇ ಹೋದವರು ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದೇ ಲೇಸು. ಮಳೆಗಾಲದಲ್ಲಂತೂ ನೀರಿಗೆ ಇಳಿಯಲೇಬಾರದು. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ.

ಬೆಳಿಗ್ಗೆ ಹೊರಟವರು ಮಧ್ಯಾಹ್ನ ಮೀನೂಟವೋ ಸಾದಾ ಊಟವೋ ಮುಗಿಸಿ, ತೀರದಲ್ಲಿರುವ ನಿವೃತ್ತ ಯುದ್ಧನೌಕೆ ‘ಚಪಲ್’ ನೋಡಬಹುದು. ಘಟ್ಟ ಹತ್ತುವ ಕೊನೆಯ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಬೇಕು. ಸೂರ್ಯಾಸ್ತದ ಆಸೆಗೆ ಬಸ್ಸು ತಪ್ಪಿಸಿಕೊಳ್ಳಬಾರದು.

ಜೇಬಿನಲ್ಲೊಂದು ಚಿಕ್ಕ ನೋಟುಬುಕ್ ಇರಲಿ. ನೀರು ಯಾವಾಗ ಏರಿತು, ಗಾಳಿ ಯಾವ ಕಡೆಯಿಂದ ಬೀಸಿತು ಎಂದು ಬರೆದುಕೊಳ್ಳಲಿ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಚಂದ್ರನ ಲೆಕ್ಕ ಅದು. ಮಕ್ಕಳು ಮನೆಗೆ ಮರಳಿದಾಗ ಪಾಲಕರು ‘ಊಟ ಮಾಡಿದೆಯಾ?’ ಎಂದು ಕೇಳುವುದು ಸಹಜ. ‘ಉಬ್ಬರ ಎಷ್ಟು ಗಂಟೆಗಿತ್ತು?’ ಎಂದೂ ಕೇಳಲಿ.