ಬಿತ್ತನೆ ಬೀಜದ ಮೇಲೆ ರೈತರಿಗಿರುವ ಹಕ್ಕು

ಕಂಪೆನಿಯವರ ತಳಿಯ ಬೀಜವನ್ನು ಮರುವರ್ಷಕ್ಕೆ ಉಳಿಸಿಕೊಂಡರೆ ಅಪರಾಧವಾಗುವುದೇ ಎಂದು ಗ್ರಾಮಮುಖಂಡರನೇಕರು ನಮ್ಮನ್ನು ಕೇಳುತ್ತಿರುವರು. 2001ನೆಯ ಇಸವಿಯ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಇದಕ್ಕೆ ಉತ್ತರವಿರುವುದು.

ಗ್ರಂಥಕರ್ತನಿಗೆ ತನ್ನ ಗ್ರಂಥದ ಮೇಲಿರುವಂತೆ, ಹೊಸ ತಳಿಯನ್ನು ನಿರ್ಮಿಸಿ ನೋಂದಾಯಿಸಿದವರಿಗೆ ಅದರ ಬೀಜೋತ್ಪಾದನೆ ಹಾಗೂ ಮಾರಾಟದ ವಿಶೇಷಾಧಿಕಾರವುಂಟು. ಮರಬಳ್ಳಿಗಳಿಗೆ ಇದರ ಅವಧಿ 18 ವರ್ಷ, ಇತರ ಪೈರುಗಳಿಗೆ 15 ವರ್ಷ. ಆದರೆ ಇದೇ ಕಾಯಿದೆಯ 39ನೆಯ ಪ್ರಕರಣದ ಮೇರೆಗೆ ರೈತನು ಅಂತಹ ಬೀಜವನ್ನೂ ಹಿಂದಿನಂತೆಯೇ ಕೂಡಿಡಬಹುದು, ಬಿತ್ತಬಹುದು, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯೆಂದು ಚೀಲದ ಮೇಲೆ ಚೀಟಿ ಹಚ್ಚಿ ಮಾರುವುದು ಮಾತ್ರ ನಿಷಿದ್ಧ.

ಈ ಪ್ರಕರಣವನ್ನು ತಿಳಿಯದವರು ಸುಲಭವಾಗಿ ಬೆದರುವರು. 2019ರಲ್ಲಿ ಪೆಪ್ಸಿಕೋ ಕಂಪೆನಿಯು, ತನ್ನ ಎಫ್.ಎಲ್. 2027 ಎಂಬ ಆಲೂಗೆಡ್ಡೆಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟು ಪರಿಹಾರ ಕೇಳಿತು. ಅವರೋ ಸಣ್ಣ ಒಕ್ಕಲಿನವರು! ಎಲ್ಲೆಡೆಯೂ ಆಕ್ಷೇಪಣೆಯೆದ್ದ ಮೇಲೆ ಅದೇ ಮೇ ತಿಂಗಳಲ್ಲಿ ದಾವೆಗಳನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಯಿತು. ರದ್ದತಿಯ ಆಜ್ಞೆಯನ್ನು 2024ರಲ್ಲಿ ದೆಹಲಿ ಹೈಕೋರ್ಟು ತಳ್ಳಿಹಾಕಿತು. ಹೀಗಾದರೂ 39ನೆಯ ಪ್ರಕರಣವು ಕಾಯಿದೆಯಲ್ಲಿ ಇದ್ದಂತೆಯೇ ಇರುವುದು.

ಹೈಬ್ರಿಡ್ ಬೀಜದ ಮಾತು ಬೇರೆ. ಅದನ್ನು ಉಳಿಸಲು ಕಾಯಿದೆಯ ಅಡ್ಡಿಯಿಲ್ಲ. ಆದರೆ ಎರಡನೆಯ ಪೀಳಿಗೆಯ ಪೈರು ಏಕರೀತಿಯಾಗಿರದೆ ಇಳುವರಿ ಕುಗ್ಗುವುದರಿಂದ ಉಳಿಸುವುದು ವ್ಯರ್ಥ.

ಬೀಜ ಕೊಂಡಾಗ ರಸೀದಿಯನ್ನೂ ಚೀಲದ ಚೀಟಿಯನ್ನೂ ಸುಗ್ಗಿಯವರೆಗೆ ಜೋಪಾನವಾಗಿಡುವಂತೆ ಮುಖಂಡರು ತಮ್ಮ ಗ್ರಾಮಸ್ಥರಿಗೆ ತಿಳಿಸತಕ್ಕದ್ದು. ನೋಂದಾಯಿತ ತಳಿಯು ಹೇಳಿದಷ್ಟು ಫಲ ಕೊಡದಿದ್ದಲ್ಲಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳಲು ಅವು ಬೇಕಾಗುವುವು.